ಅಡಿಕೆ ನಾಡಿನ ಉದ್ಯಮ ಮನೆತನಗಳು: ಪುತ್ತೂರು, ಸುಳ್ಯ, ಕಡಬದ ಒಂದು ಪ್ರಶ್ನೆ

ಆಗ್ನೇಯ ಏಷ್ಯಾದ ದೊಡ್ಡ ಉದ್ಯಮ ಮನೆತನಗಳ ಚರಿತ್ರೆ ಎಷ್ಟೋ ಸಲ ಬೆಳೆಯ ವ್ಯಾಪಾರದಿಂದಲೇ ಶುರುವಾಗುತ್ತದೆ. ಬ್ಯಾಂಕಾಕಿನ ಸಿ.ಪಿ. ಸಮೂಹದ ಮೂಲ 1921ರ ಒಂದು ಬಿತ್ತನೆ ಬೀಜದ ಅಂಗಡಿ. ಸಿಂಗಾಪುರದ ಲೀ ಕಾಂಗ್ ಚಿಯಾನ್ ರಬ್ಬರಿನಿಂದ, ಮಲೇಶ್ಯದ ರಾಬರ್ಟ್ ಕುವೋಕ್ ಸಕ್ಕರೆಯಿಂದ ಬೆಳೆದರು. ಇಂಡೋನೇಶ್ಯದ ಸಲೀಂ ಮನೆತನದ ಕೈಯಲ್ಲಿ ಹಿಟ್ಟಿನ ಗಿರಣಿಯ ಜೊತೆಗೆ ಬ್ಯಾಂಕೂ ಇತ್ತು. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬಗಳಲ್ಲಿ ಅಡಿಕೆ, ಕಾಳುಮೆಣಸು, ಕೊಕ್ಕೊ, ರಬ್ಬರ್ ಎಲ್ಲವೂ ಉಂಟು. ಹೆಸರಾಂತ ಉದ್ಯಮ ಮನೆತನಗಳೂ ಉಂಟು. ಆದರೆ ಇಂದು ಇಲ್ಲಿ ಎದ್ದು ಕಾಣುವ ಮನೆತನಗಳು ಅಡಿಕೆಯ ಮೇಲೆ ನಿಂತವಲ್ಲ. ಅಂಥ ಮನೆತನಕ್ಕೆ ಅಡಿಕೆ ಜಾಗ ಕೊಡಲಿಲ್ಲವೇಕೆ?

ಉತ್ತರ ಹುಡುಕುವವರು ಸಾಲದ ಚರಿತ್ರೆಯಿಂದ ಹೊರಡಬೇಕು. 1834ರಲ್ಲಿ ಕೊಡಗು ಕಂಪೆನಿ ಸರಕಾರದ ವಶವಾದ ಮೇಲೆ ಅಮರ ಸುಳ್ಯ, ಪುತ್ತೂರು ಮಾಗಣೆಗಳು ದಕ್ಷಿಣ ಕನ್ನಡಕ್ಕೆ ಸೇರಿದವು. ಧಾನ್ಯದಲ್ಲಿ ಕಂದಾಯ ಕೊಡುತ್ತಿದ್ದ ರೈತ ಈಗ ನಗದು ಎಣಿಸಬೇಕಾಯಿತು. ಇಲ್ಲಿ ಕಂಪೆನಿಯ ವಿರುದ್ಧ ಎದ್ದ 1837ರ ದಂಗೆಗೆ ಇದೂ ಒಂದು ಕಾರಣ. ದಂಗೆಯವರು ಬೆಳ್ಳಾರೆಯ ಸರಕಾರಿ ಖಜಾನೆಗೆ ಕೈಹಾಕಿದ್ದು ಸುಮ್ಮನೆ ಅಲ್ಲ. ನಗದು ಬೇಕಾದಲ್ಲಿ ಸಾಹುಕಾರ ಹುಟ್ಟುತ್ತಾನೆ. ಬೆಳೆಯ ಮೇಲೆ ಮುಂಗಡ, ಮುಂಗಡಕ್ಕೆ ಬಡ್ಡಿ, ಬಡ್ಡಿ ಬೆಳೆದರೆ ತೋಟ ಎಂಬ ದಾರಿಯಲ್ಲಿ ಇಲ್ಲಿಯೂ ಬೆಳೆಯನ್ನೇ ಆಳುವ ದೊಡ್ಡ ಮನೆತನವೊಂದು ಮೂಡಬಹುದಿತ್ತು.

ಆ ದಾರಿಗೆ ಮೊದಲು ಅಡ್ಡ ನಿಂತವರು ಸಹಕಾರಿ ಚಳವಳಿಯ ಮೊಳಹಳ್ಳಿ ಶಿವರಾಯರು. ಅವರ ಮುಂದಾಳತ್ವದಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಮಂಗಳೂರಿನಲ್ಲಲ್ಲ, ಪುತ್ತೂರಿನಲ್ಲಿ. ಬೆಳೆಗಾರನಿಗೆ ಸಾಹುಕಾರನ ಹೊರತಾದ ಬಾಗಿಲೊಂದು ಇಷ್ಟು ಬೇಗ ತೆರೆದ ಊರುಗಳು ಹೆಚ್ಚಿಲ್ಲ. ಜಿಲ್ಲೆಯ ಖಾಸಗಿ ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಶನ್, ವಿಜಯಾ 1980ರಲ್ಲಿ ರಾಷ್ಟ್ರೀಕರಣಗೊಂಡವು. ಸಲೀಂ ಮನೆತನಕ್ಕೆ ದಕ್ಕಿದಂಥ ಬ್ಯಾಂಕು ಇಲ್ಲಿ ಯಾವ ಮನೆಗೂ ದಕ್ಕುವಂತಿರಲಿಲ್ಲ. (ಆ ಬ್ಯಾಂಕೂ 1998ರ ಬಿಕ್ಕಟ್ಟಿನಲ್ಲಿ ಅವರ ಕೈತಪ್ಪಿತು ಎಂಬುದು ಬೇರೆ ಮಾತು.)

ನಿರ್ಣಾಯಕವಾದದ್ದು 1973–74. ಅಡಿಕೆ ಧಾರಣೆ ಕುಸಿದು ಬೆಳೆಗಾರ ಕಂಗೆಟ್ಟಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರಿಗಾಗಿ 1973ರ ಜುಲೈಯಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ಮರುವರ್ಷದ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಒಂದು ಕಡೆ ಹೊಸ ಸಣ್ಣ ಹಿಡುವಳಿದಾರ, ಇನ್ನೊಂದು ಕಡೆ ಅವನ ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ) ಅಡಿಕೆಯನ್ನು ತೂಗಿ ಹಣ ಕೊಡುವ ಸಹಕಾರಿ. ಖಾಸಗಿ ಮಂಡಿಗಳು ಮುಚ್ಚಲಿಲ್ಲ, ಇಂದಿಗೂ ಅಡಿಕೆ ಕೊಳ್ಳುತ್ತವೆ. ಆದರೆ ಧಾರಣೆಯನ್ನು ತಾವೇ ಆಡಿಸುವ ಶಕ್ತಿ ಅವುಗಳಿಗೆ ಮೊದಲಿನಂತೆ ಉಳಿಯಲಿಲ್ಲ. ಕೊಕ್ಕೊ ಕೊಳ್ಳುತ್ತಿದ್ದ ಖಾಸಗಿ ಕಂಪೆನಿ ಹಿಂದೆ ಸರಿದಾಗಲೂ ಕೈಹಿಡಿದದ್ದು ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಎದ್ದಿತು.

ಹಾಗಾದರೆ ಮನೆತನದ ಬಂಡವಾಳ ಎಲ್ಲಿ ಹರಿಯಿತು? ನನ್ನ ಅಂದಾಜಿನಲ್ಲಿ, ಬೆಳೆಗಾರನ ಹಣ ಖರ್ಚಾಗುವ ಕಡೆಗೆ. ಪುತ್ತೂರಿನ ಮುಳಿಯ ಮನೆತನದ ಆಭರಣ ವ್ಯಾಪಾರ 1944ರದ್ದು, ಜಿ.ಎಲ್. ಆಚಾರ್ಯರದ್ದು 1957ರದ್ದು. ಅಡಿಕೆ ಮಾರಿದ ದುಡ್ಡು ಮದುವೆಯ ಕಾಲಕ್ಕೆ ಚಿನ್ನವಾಗುವ ಊರಿನಲ್ಲಿ ಈ ಅಂಗಡಿಗಳು ತಲೆಮಾರು ದಾಟಿದ್ದರಲ್ಲಿ ಅಚ್ಚರಿಯಿಲ್ಲ.

ಸಮೂಹ ಎನ್ನುವ ಮಾತಿಗೆ ಹೆಚ್ಚು ಹೊಂದುವುದು ಬಿಂದು ಪಾನೀಯದ ಎಸ್.ಜಿ. ಸಮೂಹ. ಸುಳ್ಯ ತಾಲೂಕಿನ ಬೆಳ್ಳಾರೆ ಮೂಲದ ಸತ್ಯಶಂಕರ್ 1980ರ ದಶಕದಲ್ಲಿ ಸಾಲದ ಆಟೊರಿಕ್ಷಾದಿಂದ ಶುರುಮಾಡಿದರು. ಆಮೇಲೆ ಟ್ಯಾಕ್ಸಿ, ಪುತ್ತೂರಿನಲ್ಲಿ ವಾಹನದ ಬಿಡಿಭಾಗಗಳ ವ್ಯಾಪಾರ, ಅಲ್ಲಿಂದ ವಾಹನ ಸಾಲದ ಪ್ರವೀಣ್ ಕ್ಯಾಪಿಟಲ್. 2000ದ ಹೊತ್ತಿಗೆ ಬಾಟಲಿ ನೀರು, ಬಳಿಕ ಜೀರಿಗೆ ಸೋಡಾ. ನರಿಮೊಗರಿನ ಮೇಘಾ ಫ್ರೂಟ್ ಪ್ರೊಸೆಸಿಂಗ್ ಕಾರ್ಖಾನೆಯ ಬಾಟಲಿ ರಾಜ್ಯದ ಗಡಿ ದಾಟಿದೆ. ಒಂದೊಂದು ಮೆಟ್ಟಿಲೂ ಹಿಂದಿನದರ ಗಿರಾಕಿಯನ್ನು ಬಲ್ಲದ್ದು: ರಿಕ್ಷಾ ಓಡಿಸಿದವನಿಗೆ ಬಿಡಿಭಾಗ ಯಾರಿಗೆ ಬೇಕೆಂದು ಗೊತ್ತು, ಬಿಡಿಭಾಗ ಮಾರಿದವನಿಗೆ ವಾಹನದ ಕಂತು ಯಾರು ಕಟ್ಟಬಲ್ಲರೆಂದು ಗೊತ್ತು. ಸಾಲದ ಕೆಲಸ ಇಲ್ಲಿಯೂ ಇದೆ, ಆದರೆ ಈಡು ತೋಟವಲ್ಲ, ವಾಹನ. ಪೇಯದ ಜೀವಾಳವಾದ ಜೀರಿಗೆ ಗುಜರಾತ್, ರಾಜಸ್ಥಾನ ಕಡೆಯ ಒಣ ಸೀಮೆಯ ಬೆಳೆ. ಅಡಿಕೆ ಪೇಟೆಯ ಏರಿಳಿತ ಈ ಕಾರ್ಖಾನೆಯ ಕಚ್ಚಾವಸ್ತುವಿಗೆ ತಟ್ಟುವುದಿಲ್ಲ.

ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜಿನಿಂದ ಆರಂಭಿಸಿ ಎಂಜಿನಿಯರಿಂಗ್, ವೈದ್ಯಕೀಯದವರೆಗೆ ಕಟ್ಟಿದ ಸಂಸ್ಥೆಗಳೂ ಒಂದು ಮನೆಯ ಹೆಸರಿನೊಂದಿಗೇ ಬೆಳೆದವು. ಕಾನೂನಿನಲ್ಲಿ ಅದು ಶಿಕ್ಷಣ ಸಂಸ್ಥೆ, ವ್ಯಾಪಾರವಲ್ಲ; ಉದ್ಯಮ ಮನೆತನಗಳ ಲೆಕ್ಕಕ್ಕೆ ಅದನ್ನು ನಾನು ಸೇರಿಸಲಾರೆ.

ಬೆಳೆಯಿಂದ ಮನೆತನ ಮೂಡದ ಮಾತಿಗೆ ರಬ್ಬರಿನ ಕತೆ ಇನ್ನೂ ಸ್ಪಷ್ಟ. ಲೀ ಕಾಂಗ್ ಚಿಯಾನರಿಗೆ ಸಾಮ್ರಾಜ್ಯ ಕೊಟ್ಟ ಬೆಳೆಗೆ ಸುಳ್ಯ, ಪುತ್ತೂರು, ಕಡಬದ ಕಡೆ ದೊಡ್ಡ ತೋಟ ಹಾಕಿದ್ದು ಸರಕಾರ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಅಲ್ಲಿ ಟ್ಯಾಪಿಂಗ್ ಕೆಲಸ ಸಿಕ್ಕಿತು. ಆ ತೋಟಗಳು ಈಗಿರುವುದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿ. ಉಳಿದ ರಬ್ಬರು ಕೇರಳದಿಂದ ಬಂದು ನೆಲೆಸಿದವರ ಮತ್ತು ಊರವರ ಸಣ್ಣ ಗುಡ್ಡಗಳಲ್ಲಿದೆ.