ಗುಡು: ಕಾಣಿಕೆಯೋ, ಗೇಣಿಯೋ? ಉದಕಮಂಡಲದ ಸ್ಥಾಪನೆ ಮತ್ತು ನೆಲದ ಹಕ್ಕಿನ ಕಡತಗಳು

ಉದಕಮಂಡಲದ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಕಟ್ಟಡದಿಂದ ಆರಂಭಿಸಲಾಗುತ್ತದೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸುಲ್ಲಿವಾನ್ 1819ರಲ್ಲಿ ನೀಲಗಿರಿಯನ್ನೇರಿದನು. 1822ರಲ್ಲಿ ‘ಸ್ಟೋನ್‌ಹೌಸ್’ ಕಟ್ಟಲು ತೊಡಗಿದನು. ಆದರೆ ಕಟ್ಟಡಕ್ಕೂ ಮೊದಲಿನದು ನೆಲದ ಪ್ರಶ್ನೆ. ಆ ನೆಲದ ಒಡೆಯರು ಯಾರು ಎಂಬ ವಿವಾದ ಕಂಪನಿ ಸರ್ಕಾರದ ಕಡತಗಳಲ್ಲಿ 1843ರವರೆಗೂ ಮುಂದುವರಿಯಿತು. ಅದರ ನಡುವೆ ಇದ್ದ ಪದ ‘ಗುಡು’.

ಬಡಗರು ತಮ್ಮ ಬೆಳೆಯಲ್ಲಿ ತೋಡರಿಗೆ ಕೊಡುತ್ತಿದ್ದ ಧಾನ್ಯದ ಪಾಲೇ ಗುಡು. ಸುಲ್ಲಿವಾನ್ ಇದನ್ನು ಗೇಣಿಯೆಂದು ಓದಿದನು. ಗೇಣಿ ಪಡೆಯುವವರು ಭೂಮಾಲೀಕರಾದುದರಿಂದ ಪರಿಹಾರವಿಲ್ಲದೆ ಅವರ ನೆಲವನ್ನು ಪಡೆಯಲಾಗದು ಎಂಬುದು ಅವನ ವಾದ. ಗವರ್ನರ್ ಎಸ್. ಆರ್. ಲಷಿಂಗ್ಟನ್ ತೋಡರ ಒಡೆತನವನ್ನು ಒಪ್ಪಲಿಲ್ಲ. ಆ ಪಕ್ಷದವರಿಗೆ ಗುಡು ಕೇವಲ ಕಾಣಿಕೆ, ನೆಲ ಸರ್ಕಾರದ್ದು.

ಈ ಎರಡು ಓದುಗಳಲ್ಲಿ ಯಾವುದೂ ನಿರ್ಲಿಪ್ತವಲ್ಲ. 1816ರ ಬಳಿಕ ಮದ್ರಾಸ್ ಪ್ರಾಂತದಲ್ಲಿ ಕಲೆಕ್ಟರನೇ ಮ್ಯಾಜಿಸ್ಟ್ರೇಟನೂ ಆಗಿದ್ದನು. ಸುಲ್ಲಿವಾನ್ ಸ್ವತಃ ತೋಡರಿಂದ ನೆಲ ಕೊಂಡವನು. ತೋಡರ ಒಡೆತನ ಸಿದ್ಧವಾದರೆ ಅವನ ಖರೀದಿಯೂ ಸಿಂಧುವಾಗುತ್ತಿತ್ತು. ಸರ್ಕಾರಕ್ಕೋ, 1828ರಲ್ಲಿ ಸೈನಿಕ ದಂಡುಪ್ರದೇಶವಾದ ಊರಿಗೆ ನೆಲ ಬೇಕಿತ್ತು. 1830ರಲ್ಲಿ ನೀಲಗಿರಿಯ ಬಹುಭಾಗ ಮಲಬಾರಿಗೆ ಸೇರಿ, 1843ರಲ್ಲಿ ಕೊಯಮತ್ತೂರಿಗೆ ಮರಳಿತು. ಅದೇ ವರ್ಷದ ತೀರ್ಮಾನ ತೋಡರ ಹಕ್ಕನ್ನು ಮೇವಿನ ಹಕ್ಕಿಗೆ ಇಳಿಸಿತು.

ಬೆಟ್ಟದ ವ್ಯವಹಾರ ಈ ಎರಡು ಪದಗಳಲ್ಲಿ ಹಿಡಿಯುವಂಥದಾಗಿರಲಿಲ್ಲ. ತೋಡರ ತುಪ್ಪ, ಬಡಗರ ಧಾನ್ಯ, ಕೋತರ ಮಡಕೆ ಮತ್ತು ಕಬ್ಬಿಣದ ಸಾಮಾನುಗಳು ಆಚರಣೆಯ ಬಾಧ್ಯತೆಗಳೊಂದಿಗೇ ಕೈಬದಲಾಗುತ್ತಿದ್ದವು. ಗುಡು ಈ ಕೊಡುಕೊಳೆಯ ಒಂದು ಅಂಗ. ಕಂಪನಿಯ ಕಾನೂನು ಅದನ್ನು ಅಲ್ಲಿಂದ ಬಿಡಿಸಿ, ಗೇಣಿಯೋ ಕಾಣಿಕೆಯೋ ಎಂದು ಕೇಳಿತು. ಪ್ರಶ್ನೆಯ ರೂಪದಲ್ಲಿಯೇ ಉತ್ತರದ ಮಿತಿ ನಿಶ್ಚಯವಾಗಿತ್ತು.

ಗ್ರಿಗ್‌ನ 1880ರ ಜಿಲ್ಲಾ ಕೈಪಿಡಿ, ಪ್ರೈಸ್‌ನ 1908ರ ಊರ ಚರಿತ್ರೆಗಳು ಈ ಕಡತಗಳನ್ನು ಆಧರಿಸಿದವು. ಅವುಗಳನ್ನು ಓದುವಾಗ ಕನ್ನಡ ಬಲ್ಲ ಸಂಶೋಧಕರಿಗೆ ವಿಶೇಷ ಹೊಣೆಯಿದೆ. ಬಡಗ ನುಡಿ ಕನ್ನಡಕ್ಕೆ ಸಮೀಪವಾದುದು. ಇಂಗ್ಲಿಷ್ ವಾಕ್ಯಗಳ ನಡುವೆ ಉಳಿದಿರುವ ಹಟ್ಟಿ, ಮಂದು, ಗುಡು ಮೊದಲಾದ ಪದಗಳು ತರ್ಜುಮೆಯಲ್ಲಿ ಕಳೆದ ಸಂಬಂಧಗಳ ಕುರುಹುಗಳು. ಒಟಕಮಂಡ್ ಎಂಬ ಹೆಸರಿನ ಕೊನೆಯಲ್ಲಿರುವುದೂ ತೋಡರ ವಸತಿಯನ್ನು ಸೂಚಿಸುವ ‘ಮಂದು’. ಒಡೆತನದ ಹಕ್ಕನ್ನು ನಿರಾಕರಿಸಿದ ದಾಖಲೆಗಳೇ ಆ ಹೆಸರನ್ನು ಪ್ರತಿ ಪುಟದಲ್ಲಿಯೂ ಬರೆಯಬೇಕಾಯಿತು.