ಸ್ತನ ಕ್ಯಾನ್ಸರ್: ಶಿವಮೊಗ್ಗ, ಭದ್ರಾವತಿಗೆ ನೆರವು ಬಂದ ಬಗೆ

ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಆಸ್ಪತ್ರೆಯ ಖರ್ಚನ್ನು ಬಹುಮಟ್ಟಿಗೆ ಹೊತ್ತದ್ದು ಸರ್ಕಾರ ಮತ್ತು ಕಾರ್ಖಾನೆ. ಶಿವಮೊಗ್ಗದ ಜಿಲ್ಲಾಸ್ಪತ್ರೆಗೆ ಡಾ. ಮೆಗ್ಗಾನ್ ಅವರ ಹೆಸರಿದೆ. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ ಆಮೇಲೆ ಬಂದ ಕಾಗದ ಕಾರ್ಖಾನೆಯೂ ಕಾರ್ಮಿಕರ ಕುಟುಂಬಗಳಿಗಾಗಿ ಆಸ್ಪತ್ರೆ ನಡೆಸಿದವು. ಆದರೆ ಸ್ತನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಬೇಕಾದಾಗ ರೋಗಿಗಳು ಬಹುಕಾಲ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಬೇಕಿತ್ತು. ದಾನದ ಹಣ ಅವರಿಗೆ ಒದಗಿದ್ದು ಮುಖ್ಯವಾಗಿ ದೂರದ ಊರುಗಳಲ್ಲಿ.

ಭಾರತದಲ್ಲಿ ಕ್ಯಾನ್ಸರ್‌ಗೆ ಮೀಸಲಾದ ಆರಂಭಿಕ ದತ್ತಿಗಳಲ್ಲಿ ಒಂದಕ್ಕೆ ಮೈಸೂರಿನ ನಂಟಿದೆ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತಾಧಿಕಾರಿಯಾಗಿದ್ದ ಹೊರ್ಮಸ್‌ಜಿ ಭಾಭಾ ಅವರ ಮಗಳು ಮೆಹರ್‌ಬಾಯಿ, ಉದ್ಯಮಿ ದೊರಾಬ್‌ಜಿ ಟಾಟಾ ಅವರನ್ನು ಮದುವೆಯಾದರು. 1931ರಲ್ಲಿ ಮೆಹರ್‌ಬಾಯಿ ರಕ್ತ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ, 1932ರಲ್ಲಿ ದೊರಾಬ್‌ಜಿ ಪತ್ನಿಯ ಹೆಸರಿನಲ್ಲಿ ಸಂಶೋಧನೆಗೆ ದತ್ತಿ ಇಟ್ಟರು. ಟಾಟಾ ಟ್ರಸ್ಟ್ 1941ರಲ್ಲಿ ಮುಂಬೈಯಲ್ಲಿ ಕಟ್ಟಿದ ಟಾಟಾ ಸ್ಮಾರಕ ಆಸ್ಪತ್ರೆಯನ್ನು 1957ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಹೆಚ್ಚುಕಡಿಮೆ ಇದೇ ರೀತಿ ಬೆಳೆಯಿತು. ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ ವಿಕಿರಣ ಯಂತ್ರಕ್ಕೆಂದು 1 ಲಕ್ಷ ರೂಪಾಯಿ ಬಂತು. ರಾಜ್ಯ ಸರ್ಕಾರ 20 ಎಕರೆ ಜಾಗ ಕೊಟ್ಟಿತು. 1973ರಲ್ಲಿ ಶುರುವಾದ ಸಂಸ್ಥೆ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಎರಡೂ ಕಡೆ ದಾನ ಅಡಿಪಾಯ ಹಾಕಿತು, ನಿತ್ಯದ ಖರ್ಚು ಸರ್ಕಾರದ ಪಾಲಿಗೆ ಬಂತು.

ಸ್ತನ ಕ್ಯಾನ್ಸರ್‌ಗೆಂದೇ ಖಾಸಗಿ ಅನುದಾನ ಸಿಕ್ಕಿದ್ದು ತೀರಾ ಈಚೆಗೆ. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಎಸ್. ರಾಘವನ್ ಅವರ ನಡತೂರು ಕುಟುಂಬದ ಹಣದಿಂದ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಒಂದು ದೀರ್ಘಾವಧಿ ಅಧ್ಯಯನ ನಡೆಸಿತು. ಅದರಲ್ಲಿ ಸೇಂಟ್ ಜಾನ್ಸ್ ಆಸ್ಪತ್ರೆಯ ಜೊತೆಗೆ ಶೃಂಗೇರಿ ಶಾರದಾ ಪೀಠದ ಆಶ್ರಯದ ರಂಗದೊರೈ ಆಸ್ಪತ್ರೆಯ ರೋಗಿಗಳೂ ಇದ್ದರು. ಗಡ್ಡೆಯ ಅಂಗಾಂಶವನ್ನು ಕಾಪಿಟ್ಟು, ಅದರ ಗುಣಲಕ್ಷಣಗಳನ್ನು ರೋಗಿಯ ಮುಂದಿನ ಸ್ಥಿತಿಯೊಡನೆ ಹೋಲಿಸುವುದು ಈ ಅಧ್ಯಯನದ ಕ್ರಮ.

ಸಮುದಾಯ ಆರೋಗ್ಯದ ಚರಿತ್ರೆಯಲ್ಲಿ ಮಾತ್ರ ಶಿವಮೊಗ್ಗ ಮುಂಚೂಣಿಯಲ್ಲಿದೆ. ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2008ರಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ಆಯ್ದ ಜಿಲ್ಲೆಗಳಲ್ಲಿ ಶಿವಮೊಗ್ಗವೂ ಒಂದು. 2010ರಲ್ಲಿ ಕ್ಯಾನ್ಸರ್ ಕೂಡ ಅದರೊಳಗೆ ಸೇರಿತು. 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರ ಸ್ತನ ತಪಾಸಣೆ ಐದು ವರ್ಷಕ್ಕೊಮ್ಮೆ ಆಗಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದು ನಮೂನೆ ತುಂಬುತ್ತಾಳೆ: ಸ್ತನದಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ, ಆಕಾರ ಬದಲಾಗಿದೆಯೇ? ತರಬೇತಾದ ಆರೋಗ್ಯ ಸಿಬ್ಬಂದಿ ಬೆರಳುಗಳಿಂದ ಸ್ತನವನ್ನೂ ಕಂಕುಳನ್ನೂ ಒತ್ತಿ ನೋಡುತ್ತಾರೆ. ಸಂಶಯ ಬಂದರೆ ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ. ಇಂಥ ಕೈತಪಾಸಣೆಯ ಫಲವನ್ನು ಅಳೆದದ್ದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅನುದಾನದಿಂದ 1998ರಲ್ಲಿ ಆರಂಭವಾದ ಪ್ರಯೋಗದಲ್ಲಿ ಒಂದೂವರೆ ಲಕ್ಷ ಮಹಿಳೆಯರಿದ್ದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ರೋಗ ಬೇಗ ಪತ್ತೆಯಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು.

ಪತ್ತೆಯಾದ ಮೇಲಿನ ಖರ್ಚಿಗೆ 2010ರಲ್ಲಿ ರಾಜ್ಯ ಸರ್ಕಾರದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು. 2018ರ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಆದರೆ ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುತ್ತದೆ. ಭದ್ರಾವತಿಯಿಂದ ಹೋದವರಿಗೆ ಬೆಂಗಳೂರಿನಲ್ಲಿ ಉಳಿಯಲು ಜಾಗ ಬೇಕು. ಕಿದ್ವಾಯಿಯಲ್ಲಿ ಇನ್ಫೋಸಿಸ್ ಫೌಂಡೇಶನ್ ಕಟ್ಟಿಸಿದ ಧರ್ಮಶಾಲೆಯಂಥ ದಾನ ಈ ಕೊರತೆಯನ್ನು ನೀಗುತ್ತದೆ. ಇತ್ತ ಶಿವಮೊಗ್ಗದಲ್ಲೇ 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿ ಮೆಗ್ಗಾನ್ ಜಿಲ್ಲಾಸ್ಪತ್ರೆ ಅದರ ಬೋಧನಾ ಆಸ್ಪತ್ರೆಯಾಯಿತು. ಕಿದ್ವಾಯಿ ಮಾದರಿಯ ಕ್ಯಾನ್ಸರ್ ಕೇಂದ್ರವನ್ನು ಇದೇ ನಗರಕ್ಕೆ ತರುವ ಘೋಷಣೆ 2021ರ ರಾಜ್ಯ ಬಜೆಟ್‌ನಲ್ಲಿ ಬಂತು.