ಅಡುಗೆಮನೆಗೆ ಕಾಣದ ಟಿ.ವಿ.

ಕಳೆದ ಬೇಸಿಗೆ ರಜೆಯಲ್ಲಿ ಅಟ್ಟ ಗುಡಿಸುವಾಗ ನನ್ನದೊಂದು ಹಳೆಯ ಇನ್ನೂರು ಪುಟದ ನೋಟ್‌ಬುಕ್ಕು ಸಿಕ್ಕಿತು. ರಟ್ಟಿನ ಮೇಲೆ ‘ಹಿಂದಿ ಶಬ್ದಗಳು’ ಎಂದು ಗುಂಡಾಗಿ ಬರೆದಿದ್ದೆ. ಪಿ.ಯು.ಸಿ.ಯಲ್ಲಿ ನನ್ನ ಹಿಂದಿ ಬಲು ಬಡವಾಗಿತ್ತು. ‘ಟಿ.ವಿ. ಧಾರಾವಾಹಿ ನೋಡು, ಗೊತ್ತಿಲ್ಲದ ಶಬ್ದ ಬರೆದುಕೋ’ ಎಂದು ಮೇಷ್ಟ್ರು ಹೇಳಿದ್ದರು. ಮೂರು ಪುಟ ಬರೆದುಕೊಂಡಿದ್ದೇನೆ. ನಾಲ್ಕನೆಯ ಪುಟದಿಂದ ಶಬ್ದಗಳೂ ಇಲ್ಲ, ಅರ್ಥಗಳೂ ಇಲ್ಲ. ಬರೀ ನನ್ನ ಅಭಿಪ್ರಾಯಗಳು. ‘ಇವತ್ತಿನ ಕಂತು ಸಪ್ಪೆ.’ ‘ಲಲ್ಲುವನ್ನು ಎರಡು ಬಾರಿಸಬೇಕು.’ ‘ಮಝಲಿ ಬೊಂಬಾಯಿಗೆ ಹೋದದ್ದು ತಪ್ಪು, ಆದರೆ ನಾನೂ ಹೋಗುತ್ತಿದ್ದೆ.’ ಹದಿನೇಳು ವರ್ಷದ ಹುಡುಗಿಗೆ ಎಷ್ಟೊಂದು ಧೈರ್ಯ! ಅಟ್ಟದ ಮೇಲೆಯೇ ಕುಳಿತು ಓದಿದೆ. ಪೊರಕೆ ಪಕ್ಕದಲ್ಲೇ ಬಿದ್ದಿತ್ತು.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವಳು. ಆಧಾರಗಳ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಒಂದು ಮಾತು ಹೇಳುತ್ತೇನೆ: ಶಾಸನದಲ್ಲಿ ದಾನ ಕೊಟ್ಟ ಅರಸನ ಹೆಸರಿರುತ್ತದೆ, ಆ ಕಲ್ಲು ಹೊತ್ತು ತಂದವರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಆಧಾರ ಏನು ಹೇಳುತ್ತದೆ ಎನ್ನುವಷ್ಟೇ ಏನು ಹೇಳುವುದಿಲ್ಲ ಎಂಬುದನ್ನೂ ನೋಡಬೇಕು ಎಂದು. ಈ ಮಾತು ನನ್ನದೇ ನೋಟ್‌ಬುಕ್ಕಿಗೂ ಅನ್ವಯಿಸುತ್ತದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ನಮ್ಮ ನಾಡಿನ ಹಳ್ಳಿಗಳಿಗೆ ಟಿ.ವಿ. ಮೊದಲು ಬಂದದ್ದು ಕತೆ ಹೇಳುವುದಕ್ಕಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಪ್ರಯೋಗ ನಡೆಯಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಇವು ಮುಖ್ಯ. 1982ರಲ್ಲಿ ಬಣ್ಣ ಬಂತು, ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು. 1984ರಲ್ಲಿ ದೇಶದ ಉದ್ದಗಲಕ್ಕೂ ಸಣ್ಣ ಪ್ರಸಾರ ಗೋಪುರಗಳು ಹೆಚ್ಚುಕಡಿಮೆ ದಿನಕ್ಕೊಂದರಂತೆ ಎದ್ದವು. ಅಂಥದೊಂದು ಗೋಪುರದ ಕೃಪೆಯಿಂದ ಮಲೆನಾಡಿನ ಅಂಚಿನ ನಮ್ಮ ಊರಿಗೂ ಚಿತ್ರ ಬಂತು. ಅಪ್ಪ ಕಂತಿನ ಮೇಲೆ ಕಪ್ಪುಬಿಳುಪಿನ ಸೆಟ್ಟು ತಂದರು. ಹೆಂಚಿನ ಮೇಲೆ ಆಂಟೆನಾ ನಿಂತಿತು. ಗಾಳಿ ಬೀಸಿದಾಗ ತಮ್ಮ ಮೇಲೆ ಹತ್ತಿ ತಿರುಗಿಸುವುದು, ನಾವು ಕೆಳಗಿನಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು. ಆ ಸಣ್ಣ ಗೋಪುರ ಎತ್ತಿ ಕೊಡುತ್ತಿದ್ದುದು ದೆಹಲಿಯದ್ದನ್ನು. ಹಾಗಾಗಿ ನಮ್ಮ ನಡುಮನೆಯಲ್ಲಿ ರಾತ್ರಿ ಹೊತ್ತು ಹಿಂದಿ ಕೇಳಿಸತೊಡಗಿತು.

‘ಹಮ್ ಲೋಗ್’ ಶುರುವಾದದ್ದು 1984ರ ಜುಲೈ 7ರಂದು. ಮುಂದಿನ ವರ್ಷದ ಡಿಸೆಂಬರ್ ತನಕ 156 ಕಂತು. ಬರೆದವರು ಮನೋಹರ ಶ್ಯಾಮ ಜೋಶಿ. ಮೆಕ್ಸಿಕೋದಲ್ಲಿ ಕತೆಯ ಮೂಲಕ ಜನರಿಗೆ ತಿಳಿವಳಿಕೆ ಕೊಟ್ಟ ಧಾರಾವಾಹಿಗಳಿಂದ ಸ್ಫೂರ್ತಿ ಪಡೆದದ್ದು ಅದು. ಕುಟುಂಬ ಯೋಜನೆ, ಹೆಣ್ಣುಮಕ್ಕಳ ಸ್ಥಾನಮಾನ ಇದರ ಉದ್ದೇಶ. ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಅಜ್ಜನಂತೆ ನಾಲ್ಕು ಬುದ್ಧಿಮಾತು ಹೇಳುತ್ತಿದ್ದರು. ಮೊದಮೊದಲು ಉಪದೇಶ ಹೆಚ್ಚಾಗಿ, ನೋಡುವವರಿಗೆ ಬೇಸರವಾಗಿ, ಆಮೇಲೆ ಕತೆಯನ್ನು ಸಂಸಾರದ ಕಡೆಗೆ ತಿರುಗಿಸಿದರು. ಸುಮಾರು 4 ಲಕ್ಷ ಕಾಗದಗಳು ಬಂದವೆಂದು ಮುಂದೆ ಓದಿದ್ದೇನೆ.

ನಮ್ಮ ಮನೆಯಲ್ಲಿ ಟಿ.ವಿ. ಇದ್ದದ್ದು ನಡುಮನೆಯ ಮೂಲೆಯಲ್ಲಿ. ಅಡುಗೆಮನೆಯ ಬಾಗಿಲಿಗೆ ಅದರ ಬೆನ್ನು. ಅದು ಬರುವ ಹೊತ್ತಿಗೆ ಸರಿಯಾಗಿ ಅಮ್ಮನಿಗೆ ರಾತ್ರಿಯ ಅಡುಗೆ. ಅಮ್ಮ ನಾಲ್ಕನೇ ಕ್ಲಾಸಿನ ತನಕ ಕನ್ನಡ ಓದಿದವಳು, ಹಿಂದಿ ಒಂದು ಅಕ್ಷರ ತಿಳಿಯದು. ಹಾಗಾಗಿ ಒಳಗಿನಿಂದ ‘ಏನಾಯ್ತೇ?’ ಎಂದು ಕೂಗಿ ಕೇಳುತ್ತಿದ್ದಳು. ನಾನು ಬಾಗಿಲ ಹತ್ತಿರ ಕೂತು ಕನ್ನಡದಲ್ಲಿ ಹೇಳುತ್ತಿದ್ದೆ. ಈಗ ನಿಜ ಹೇಳುತ್ತೇನೆ: ಎಲ್ಲವನ್ನೂ ಹೇಳುತ್ತಿರಲಿಲ್ಲ. ಮಕ್ಕಳ ಸಂಖ್ಯೆ, ಕುಟುಂಬ ಯೋಜನೆ ಎಂದು ಬಂದರೆ ನನಗೆ ನಾಚಿಕೆ. ಅಪ್ಪ ಪಕ್ಕದಲ್ಲೇ ಕುರ್ಚಿಯಲ್ಲಿ. ‘ಏನೋ ಬುದ್ಧಿಮಾತು ಹೇಳಿದರು’ ಎಂದು ಹಾರಿಸಿಬಿಡುತ್ತಿದ್ದೆ. ನಾಲ್ಕು ಮಕ್ಕಳ ತಾಯಿಗಾಗಿ ದೆಹಲಿಯಲ್ಲಿ ಕುಳಿತು ಯೋಚಿಸಿ ಬರೆಸಿದ ಮಾತು ಉಪಗ್ರಹ ಹತ್ತಿ ಇಳಿದು, ಗೋಪುರ ದಾಟಿ, ನಮ್ಮ ಮನೆಯ ತನಕ ಬಂದು, ಅಡುಗೆಮನೆಯ ಹೊಸ್ತಿಲಲ್ಲಿ ನನ್ನಿಂದ ನಿಂತುಹೋಯಿತು.

ಆ ಧಾರಾವಾಹಿಯ ತಾಯಿ ಭಗವಂತಿ. ಕುಡುಕ ಗಂಡ, ಬೈಯುವ ಅತ್ತೆ, ಎಲ್ಲವನ್ನೂ ನುಂಗಿಕೊಂಡು ಸಂಸಾರ ತೂಗಿಸುವವಳು. ಹೀಗೆ ಇರಬಾರದು ಎಂದು ತೋರಿಸಲು ಸೃಷ್ಟಿಸಿದ ಪಾತ್ರವಂತೆ. ನೋಡಿದವರಲ್ಲಿ ಎಷ್ಟೋ ಮಂದಿ ಅವಳನ್ನೇ ಆದರ್ಶ ಎಂದುಕೊಂಡರು ಎಂದು ಸಂಶೋಧಕರು ಬರೆದಿದ್ದಾರೆ. ಅದನ್ನು ಓದಿದಾಗ ನಕ್ಕಿದ್ದೆ, ಎಂಥ ಪೆದ್ದು ಜನ ಎಂದು. ನೋಟ್‌ಬುಕ್ಕಿನಲ್ಲಿ ನನ್ನದೇ ಕೈಬರಹ ಹೇಳುತ್ತಿದೆ: ‘ಭಗವಂತಿ ತುಂಬಾ ಒಳ್ಳೆಯವಳು. ಏನು ಅಂದರೂ ಮಾತಾಡುವುದಿಲ್ಲ. ನಮ್ಮ ಅಮ್ಮನ ಹಾಗೆ.’

ಆ ಸಾಲು ಓದಿದಾಗ ಒಂದು ಸಂಜೆ ನೆನಪಾಯಿತು. ‘ಗಂಡ ಇಷ್ಟೆಲ್ಲ ಅಂದನಾ? ಅವಳು ಏನಂದಳು?’ ಎಂದು ಅಮ್ಮ ಕೇಳಿದಳು. ‘ಏನೂ ಅನ್ನಲಿಲ್ಲ’ ಎಂದೆ. ಒಗ್ಗರಣೆ ಚಟಪಟ ನಿಲ್ಲುವ ತನಕ ಸುಮ್ಮನಿದ್ದು, ‘ಅಂದೇ ಇರ್ತಾಳೆ ಕಣೆ. ನಿನಗೆ ಕೇಳಿಸಿರಲ್ಲ’ ಎಂದಳು. ನನ್ನ ಹಿಂದಿಯ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡು ಸಿಟ್ಟಾಗಿದ್ದೆ.

1985ರಲ್ಲೇ ಬಾಸು ಚಟರ್ಜಿಯವರ ‘ರಜನಿ’ ಬಂತು. ಪ್ರಿಯಾ ತೆಂಡೂಲ್ಕರ್ ಸೆರಗು ಸಿಕ್ಕಿಸಿ ಅನ್ಯಾಯ ಕಂಡಲ್ಲೆಲ್ಲ ಜಗಳ ತೆಗೆಯುವ ಗೃಹಿಣಿ. ಗ್ಯಾಸ್ ವಿತರಕರು, ಟ್ಯಾಕ್ಸಿಯವರು ತಮ್ಮ ಮೇಲೆ ಬಂದ ಕಂತುಗಳಿಗೆ ಪ್ರತಿಭಟನೆ ಮಾಡಿದ್ದರು. ನಾನೂ ಹುರುಪಿನಿಂದ ಒಂದು ನ್ಯಾಯಬೆಲೆ ಅಂಗಡಿಗೆ ಹೋಗಿ ಸಕ್ಕರೆಯ ತೂಕ ಕಡಿಮೆ ಎಂದು ವಾದಿಸಿದೆ. ಸಾಲಿನಲ್ಲಿದ್ದವರು ನನ್ನನ್ನೇ ಬೈದರು, ತಡವಾಗುತ್ತದೆ ಎಂದು. ಅಳುತ್ತ ಮನೆಗೆ ಬಂದೆ. ನೋಟ್‌ಬುಕ್ಕಿನಲ್ಲಿ ಬರೆದದ್ದು ಒಂದೇ ಸಾಲು: ‘ರಜನಿಯ ಹಿಂದೆ ಕ್ಯಾಮರಾದವರು ಇರುತ್ತಾರೆ.’

‘ಮಾಲ್ಗುಡಿ ಡೇಸ್’ ಬಂದಾಗ ಮನೆಯೆಲ್ಲ ಹಬ್ಬ. ಶಂಕರ್‌ನಾಗ್ ನಮ್ಮ ಆಗುಂಬೆಯನ್ನೇ ಮಾಲ್ಗುಡಿ ಮಾಡಿದ್ದರು. ಗಿರೀಶ ಕಾರ್ನಾಡರು ಸ್ವಾಮಿಯ ತಂದೆ, ವೈಶಾಲಿ ಕಾಸರವಳ್ಳಿ ತಾಯಿ, ಮಾಸ್ಟರ್ ಮಂಜುನಾಥ್ ಸ್ವಾಮಿ. ಆದರೆ ಮಾತು ಹಿಂದಿ. ‘ಆಗುಂಬೆಯವರಿಗೆ ಯಾವಾಗ ಹಿಂದಿ ಬಂತು?’ ಎಂದು ಬರೆದಿದ್ದೇನೆ. ಅಂದು ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದಳು. ‘ಈ ಜಗಲಿ ನೋಡಿದ್ರೆ ನಮ್ಮ ತವರುಮನೆ ನೆನಪಾಗತ್ತೆ’ ಎಂದಳು. ಅಷ್ಟರಲ್ಲಿ ಹಾಲು ಉಕ್ಕಿತು, ಒಳಗೆ ಓಡಿದಳು. ಇದನ್ನು ನಾನು ಬರೆದಿಲ್ಲ.

1988ರ ಜನವರಿಯ ‘ತಮಸ್’ ಬಗ್ಗೆ ನಾನು ಬರೆದದ್ದನ್ನು ಓದಲು ನಾಚಿಕೆಯಾಗುತ್ತದೆ. ಭೀಷ್ಮ ಸಾಹನಿಯವರ ಕಾದಂಬರಿ, ಗೋವಿಂದ ನಿಹಲಾನಿಯವರ ನಿರ್ದೇಶನ. ಓಂ ಪುರಿ ಹಂದಿಯೊಂದಿಗೆ ಸೆಣಸುವ ಆ ಮೊದಲ ದೃಶ್ಯಕ್ಕೇ ಅಪ್ಪ ಟಿ.ವಿ. ಆರಿಸಿದರು. ‘ಹೇಸಿಗೆ. ಇದನ್ನೆಲ್ಲ ಯಾಕೆ ತೋರಿಸುತ್ತಾರೆ?’ ಎಂದು ಬರೆದೆ. ನನ್ನಂತೆ ಕೇಳಿದವರು ಕೋರ್ಟಿಗೂ ಹೋಗಿದ್ದರು. ಸುಪ್ರೀಂ ಕೋರ್ಟು ನಿಲ್ಲಿಸಲು ಒಪ್ಪಲಿಲ್ಲ. ಮೇಷ್ಟರಾದ ಮೇಲೆ, ದೇಶ ವಿಭಜನೆಯನ್ನು ಎರಡು ಪ್ಯಾರಾದಲ್ಲಿ ಮುಗಿಸುವ ಪಾಠ ಮಾಡುವಾಗ, ಅದನ್ನು ಹುಡುಕಿ ಪೂರ್ತಿ ನೋಡಿದೆ. ಯಾಕೆ ತೋರಿಸಿದರು ಎಂದು ಆಗ ತಿಳಿಯಿತು.

ಇನ್ನು ಭಾನುವಾರದ ‘ರಾಮಾಯಣ’. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ 78 ಕಂತು. ಬೀದಿಯಲ್ಲಿ ಟಿ.ವಿ. ಇದ್ದದ್ದು ಮೂರೇ ಮನೆಯಲ್ಲಿ. ನಮ್ಮ ನಡುಮನೆಯಲ್ಲಿ ಮೂವತ್ತು ಜನ, ಜಗಲಿಯ ತುಂಬ ಚಪ್ಪಲಿ. ಅಗ್ನಿಪರೀಕ್ಷೆಯ ದಿನ ನಾನು ಬರೆದದ್ದು: ‘ಸದ್ಯ! ಬೆಂಕಿಗೆ ಬಿದ್ದದ್ದು ಮಾಯಾಸೀತೆ. ನಿಜವಾದ ಸೀತೆಯನ್ನು ಅಗ್ನಿಯ ಹತ್ತಿರ ಮೊದಲೇ ಬಿಟ್ಟಿದ್ದರಂತೆ. ಮನಸ್ಸಿಗೆ ಸಮಾಧಾನ.’ ಆಮೇಲೆ 1989ರಲ್ಲಿ ‘ಮಹಾಭಾರತ’ದ ದ್ಯೂತದ ಕಂತು. ದ್ರೌಪದಿ ಸಭೆಯನ್ನು ಪ್ರಶ್ನೆ ಕೇಳುವಾಗ ನಮ್ಮ ನಡುಮನೆಯ ಗಂಡಸರೂ ತಲೆ ತಗ್ಗಿಸಿದ್ದರು ಎಂದು ಬರೆದಿದ್ದೇನೆ. ಕಂತು ಮುಗಿದ ಕೂಡಲೇ ಅವರಲ್ಲೊಬ್ಬರು ‘ಕಾಫಿ ಆಯ್ತೇನಮ್ಮ’ ಎಂದು ಒಳಗೆ ಕೇಳಿದ್ದನ್ನೂ ಬರೆದಿದ್ದೇನೆ. ಯಾರು ಕಾಫಿ ತಂದರು ಎಂದು ಬರೆದಿಲ್ಲ.

ಮದುವೆಯಾಯಿತು, ಬಿ.ಇಡಿ. ಕೈಹಿಡಿದು ಕೆಲಸ ಸಿಕ್ಕಿತು, ಅಪ್ಪ ತೀರಿಕೊಂಡರು. ಅಮ್ಮ ನನ್ನ ಮನೆಗೆ ಬಂದದ್ದು 1998ರಲ್ಲಿ. ಆ ವರ್ಷವೇ ದೂರದರ್ಶನದಲ್ಲಿ ‘ಮಾಯಾಮೃಗ’: ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ್ದು. ಅಮ್ಮನಿಗೆ ಮೊದಲ ಬಾರಿ ನನ್ನ ಅನುವಾದ ಬೇಕಾಗಲಿಲ್ಲ. ನಾನು ಶಾಲೆಯಿಂದ ಬಂದಾಗ ಅವಳೇ ಕತೆ ಹೇಳುವಳು, ಅವಳದೇ ತೀರ್ಪಿನ ಸಮೇತ. ‘ಹುಡುಗಿ ಸರಿಯಾಗೇ ಕೇಳಿದ್ಲು, ಮನೆಯವರದ್ದೇ ತಪ್ಪು’ ಎಂದು. ಈಟಿವಿ ಕನ್ನಡದಲ್ಲಿ ಗಿರೀಶ ಕಾಸರವಳ್ಳಿಯವರು ಭೈರಪ್ಪನವರ ‘ಗೃಹಭಂಗ’ ಮಾಡಿದಾಗ ಮಾತ್ರ ಅವಳು ಮಾತಾಡಲಿಲ್ಲ. ನಂಜಮ್ಮನ ಮಕ್ಕಳನ್ನು ಪ್ಲೇಗು ಕೊಂಡೊಯ್ದ ದಿನ ಎದ್ದುಹೋಗಿ ಹಿತ್ತಲಲ್ಲಿ ನಿಂತಳು. ಕುರ್ಚಿ ಹಾಕಿಕೊಟ್ಟರೂ ಅವಳು ಅಡುಗೆಮನೆಯ ಬಾಗಿಲ ಹತ್ತಿರ ನೆಲದ ಮೇಲೆಯೇ ಕೂರುತ್ತಿದ್ದಳು. ಅಭ್ಯಾಸ.

2020ರ ಲಾಕ್‌ಡೌನಿನಲ್ಲಿ ದೂರದರ್ಶನ ಮತ್ತೆ ‘ರಾಮಾಯಣ’ ಹಾಕಿತು. ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಹೇಳಿಕೊಂಡಿತು. ಆ 7.7 ಕೋಟಿಯಲ್ಲಿ ನಮ್ಮ ಮನೆಯ ಇಬ್ಬರಿದ್ದೆವು. ಅಮ್ಮನಿಗೆ ಮಂಡಿನೋವು, ನೆಲಕ್ಕೆ ಕೂರುವ ಹಾಗಿಲ್ಲ; ಕುರ್ಚಿಯಲ್ಲಿ, ಟಿ.ವಿ.ಯ ಎದುರಿಗೇ ಕೂತಳು. ಅಗ್ನಿಪರೀಕ್ಷೆ ಬಂತು. ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ, ‘ಹೀಗಿತ್ತಾ ಇದು?’ ಎಂದಳು.

‘ಆವತ್ತು ನೋಡಿದ್ದೆಯಲ್ಲಮ್ಮ?’

‘ಎಲ್ಲಿ ನೋಡಿದ್ದೆ? ಮೂವತ್ತು ಜನಕ್ಕೆ ಒಗ್ಗರಣೆ ಅವಲಕ್ಕಿ ಮಾಡ್ತಿದ್ದೆ. ನೀನೇ ಬಂದು ಹೇಳಿದ್ದು, ಬೆಂಕಿಗೆ ಬಿದ್ದದ್ದು ನೆರಳು, ಏನೂ ಆಗಲಿಲ್ಲ ಅಂತ.’

‘ಹೌದಲ್ಲ, ನೆರಳೇ ತಾನೆ?’

‘ಸುತ್ತ ನಿಂತು ನೋಡಿದವರಿಗೆ ನೆರಳು ಅಂತ ಗೊತ್ತಿತ್ತಾ?’ ಎಂದಳು ಅಮ್ಮ. ನಾನು ಉತ್ತರ ಹುಡುಕುತ್ತಿರುವಾಗಲೇ, ‘ಸೌಂಡು ಕಡಿಮೆ ಮಾಡು’ ಎಂದು ಮಾತು ಮುಗಿಸಿದಳು.

ಆ ಪ್ರಶ್ನೆಯನ್ನು ಅವಳು ಆವತ್ತೇ ಕೇಳಬಹುದಾಗಿತ್ತು, 1988ರಲ್ಲಿ. ಕೇಳಿದ್ದಳೋ ಏನೋ. ನನಗೆ ಕೇಳಿಸಿರಲಿಲ್ಲ.

ಅಮ್ಮ ಹೋಗಿ ಎರಡು ವರ್ಷವಾಯಿತು. ನೋಟ್‌ಬುಕ್ಕನ್ನು ಕೊನೆಯ ತನಕ ತಿರುವಿದೆ. ಹತ್ತಿರಹತ್ತಿರ ನೂರೈವತ್ತು ಪುಟ. ಅಪ್ಪ ಏನೆಂದರು, ತಮ್ಮ ಏನೆಂದ, ಪಕ್ಕದ ಮನೆಯವರು ಏನೆಂದರು ಎಲ್ಲ ಇದೆ. ಅಮ್ಮ ಬಂದಿರುವುದು ಒಂದೇ ಕಡೆ, ‘ನಮ್ಮ ಅಮ್ಮನ ಹಾಗೆ’ ಎಂದು, ಮಾತಾಡದವಳಾಗಿ. ಮುಂದೆ ಯಾರಾದರೂ ಈ ಪುಸ್ತಕ ಹಿಡಿದು ನಮ್ಮ ಮನೆಯ ಚರಿತ್ರೆ ಬರೆದರೆ ಆ ಮನೆಯಲ್ಲಿ ಅಡುಗೆ ತಾನಾಗಿಯೇ ಆಗುತ್ತಿತ್ತು ಎಂದುಕೊಂಡಾರು.

ಶಾಲೆ ಶುರುವಾದ ಮೇಲೆ ಒಂಬತ್ತನೇ ತರಗತಿಗೆ ಮನೆಗೆಲಸ ಕೊಟ್ಟೆ: ನಿಮ್ಮ ಅಜ್ಜಿ ಮೊದಲು ನೋಡಿದ ಧಾರಾವಾಹಿ ಯಾವುದು, ಅದರ ಬಗ್ಗೆ ಏನನ್ನಿಸಿತು, ಕೇಳಿ ಬರೆದು ತನ್ನಿ. ಮಾರನೇ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

‘ನಮ್ಮಜ್ಜಿ ಏನೂ ನೋಡಿಲ್ವಂತೆ ಮೇಡಂ.’

‘ಹಾಗಾದರೆ ಮನೆಯವರೆಲ್ಲ ನೋಡುವಾಗ ಅವರು ಏನು ಮಾಡುತ್ತಿದ್ದರು, ಅದನ್ನು ಕೇಳಿಕೊಂಡು ಬಾ’ ಎಂದೆ.